ಸ್ವರ ಸಂದೇಹ: ಆಗಸ್ಟ್ 16ರ ಸುತ್ತ ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯ ಅಂಕಣದಲ್ಲಿ, ಅಮೆರಿಕದ ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿ ಮತ್ತು ಪಾಕಿಸ್ತಾನದ ಕವ್ವಾಲಿ ಗಾಯಕ ನುಸ್ರತ್ ಫತೇ ಅಲಿ ಖಾನ್ ಇಬ್ಬರೂ ತೀರಿಕೊಂಡದ್ದು ಆಗಸ್ಟ್ 16ರಂದೇ ಎಂದು ಮಾತಿನ ನಡುವೆ ಒಂದು ಸಾಲು ಬರೆದಿದ್ದೆ. ಆ ಸಾಲನ್ನೇ ಹಿಡಿದು ಬಂದ ಪತ್ರಗಳು ಈ ಬಾರಿ ಬೇರೆ ಪ್ರಶ್ನೆಗಳಿಗೆ ಜಾಗ ಉಳಿಸಿಲ್ಲ. ಹೀಗಾಗಿ ರಾಗ, ತಾಳ, ವಾದ್ಯಗಳ ಕುರಿತ ಪತ್ರಗಳನ್ನು ಮುಂದಿನ ತಿಂಗಳಿಗೆ ಎತ್ತಿಟ್ಟು, ಈ ಒಂದು ದಿನಾಂಕದ ಬಗ್ಗೆ ಕೇಳಿದವರಿಗಷ್ಟೇ ಇಲ್ಲಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಎಲ್ವಿಸ್ ತೀರಿಕೊಂಡದ್ದು 1977ರ ಆಗಸ್ಟ್ 16 ಎಂದು ಬರೆದಿದ್ದೀರಿ. ನಮ್ಮ ತಂದೆಯವರ ಹಳೆಯ ದಿನಚರಿಯಲ್ಲಿ ಆಗಸ್ಟ್ 17ರ ಪುಟದಲ್ಲಿ ‘ಇಂದು ಎಲ್ವಿಸ್ ನಿಧನ’ ಎಂದಿದೆ. ಅವರು ದಿನಾಂಕ ತಪ್ಪು ಬರೆಯುವವರಲ್ಲ. ಯಾವುದು ಸರಿ? (ಮೈಸೂರಿನಿಂದ)

ಉತ್ತರ: ನಿಮ್ಮ ತಂದೆಯವರು ತಪ್ಪು ಬರೆದಿಲ್ಲ, ನಾನೂ ತಪ್ಪು ಬರೆದಿಲ್ಲ. ಟೆನೆಸಿ ರಾಜ್ಯದ ಮೆಂಫಿಸ್ ನಗರದಲ್ಲಿರುವ ಗ್ರೇಸ್‌ಲ್ಯಾಂಡ್ ಎಂಬ ತಮ್ಮ ಮನೆಯ ಮಹಡಿಯ ಸ್ನಾನದ ಕೋಣೆಯಲ್ಲಿ ಎಲ್ವಿಸ್ ಕುಸಿದು ಬಿದ್ದಿದ್ದರು. ಅವರನ್ನು ಊರಿನ ಬ್ಯಾಪ್ಟಿಸ್ಟ್ ಮೆಮೋರಿಯಲ್ ಆಸ್ಪತ್ರೆಗೆ ಒಯ್ಯಲಾಯಿತು. ಅವರು ತೀರಿಕೊಂಡಿದ್ದಾರೆ ಎಂದು ವೈದ್ಯರು ಘೋಷಿಸಿದ್ದು ಅಲ್ಲಿನ ಗಡಿಯಾರದಲ್ಲಿ ಮಧ್ಯಾಹ್ನ 3.30ಕ್ಕೆ. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಮೆಂಫಿಸ್‌ಗೂ ನಮಗೂ ಆಗ ಇರುವ ಅಂತರ ಹತ್ತೂವರೆ ಗಂಟೆ. ಅಂದರೆ ಮೈಸೂರಿನಲ್ಲಿ ಆ ಕ್ಷಣಕ್ಕೆ ಆಗಸ್ಟ್ 17ರ ನಸುಕಿನ ಎರಡು ಗಂಟೆ. ನಮ್ಮ ಬೆಳಗಿನ ಪತ್ರಿಕೆಗಳ ಪುಟಗಳು ಆ ಹೊತ್ತಿಗೆ ಸಾಮಾನ್ಯವಾಗಿ ಅಚ್ಚಿಗೆ ಹೋಗಿಬಿಟ್ಟಿರುತ್ತವೆ. ಆದ್ದರಿಂದ ಇಲ್ಲಿನ ಅಭಿಮಾನಿಗಳಿಗೆ ಸುದ್ದಿ ಮುಟ್ಟಿದ್ದು 17ರಂದು ಬಾನುಲಿಯ ಮೂಲಕವೋ, 18ರ ಪತ್ರಿಕೆಯ ಮೂಲಕವೋ ಆಗಿರುವುದೇ ಹೆಚ್ಚು ಸಹಜ. ದಿನಚರಿ ಬರೆಯುವವರು ತಮ್ಮ ಗಡಿಯಾರವನ್ನು ನಂಬುತ್ತಾರೆ, ಚರಿತ್ರೆ ಬರೆಯುವವರು ಘಟನೆ ನಡೆದ ಊರಿನ ಗಡಿಯಾರವನ್ನು ನಂಬಬೇಕಾಗುತ್ತದೆ.

ಎಲ್ವಿಸ್‌ಗೆ ಆಗ 42 ವರ್ಷ. ಮರುದಿನ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಹೊಸ ಪ್ರವಾಸದ ಮೊದಲ ಕಾರ್ಯಕ್ರಮವಿತ್ತು, ಆ ರಾತ್ರಿಯೇ ಅಲ್ಲಿಗೆ ವಿಮಾನದಲ್ಲಿ ಹೊರಡುವುದಿತ್ತು. ಇನ್ನೊಂದು ವಿಷಯವನ್ನೂ ಸೇರಿಸುತ್ತೇನೆ. ಅವರ ಅಭಿಮಾನಿಗಳು ಪ್ರತಿವರ್ಷ ಗ್ರೇಸ್‌ಲ್ಯಾಂಡ್‌ನ ಗೇಟಿನ ಮುಂದೆ ಮೇಣದ ಬತ್ತಿ ಹಿಡಿದು ಸಾಲುಗಟ್ಟುವುದು 16ರಂದಲ್ಲ, 15ರ ರಾತ್ರಿ. ಸಾಲು ಸಮಾಧಿಯವರೆಗೆ ನಿಧಾನವಾಗಿ ಸಾಗುತ್ತ ಹೋಗಿ, ಅದು ಕರಗುವ ಹೊತ್ತಿಗೆ 16 ಹುಟ್ಟಿರುತ್ತದೆ.

ಪ್ರಶ್ನೆ: ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದ ಗಾಯಕ ರಾಬರ್ಟ್ ಜಾನ್ಸನ್ ಅವರೂ ಆಗಸ್ಟ್ 16ರಂದೇ ತೀರಿಕೊಂಡರಂತೆ. ಅವರಿಗೆ ವಿಷ ಹಾಕಿದರು ಎನ್ನುತ್ತಾರೆ, ಸೈತಾನನಿಗೆ ಆತ್ಮವನ್ನು ಮಾರಿ ಗಿಟಾರ್ ಕಲಿತರು ಎಂದೂ ಹೇಳುತ್ತಾರೆ. ಇಷ್ಟೊಂದು ದಂತಕಥೆಗಳಿರುವ ಮನುಷ್ಯನ ಸಾವಿನ ದಿನಾಂಕ ಮಾತ್ರ ಇಷ್ಟು ನಿಖರವಾಗಿ ಹೇಗೆ ತಿಳಿಯಿತು? (ಧಾರವಾಡದಿಂದ)

ಉತ್ತರ: ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ರಾಬರ್ಟ್ ಜಾನ್ಸನ್ ಮಿಸಿಸಿಪ್ಪಿಯ ಹತ್ತಿ ಹೊಲಗಳ ಸೀಮೆಯವರು. ಊರಿಂದೂರಿಗೆ ಅಲೆಯುತ್ತ, ಬೀದಿಯಲ್ಲಿ, ಹೆಂಡದಂಗಡಿಯಲ್ಲಿ, ಶನಿವಾರ ರಾತ್ರಿಯ ಕುಣಿತದ ಕೂಟಗಳಲ್ಲಿ ಗಿಟಾರ್ ಹಿಡಿದು ಹಾಡಿ ಹೊಟ್ಟೆ ಹೊರೆದವರು. ಅವರು ಧ್ವನಿಮುದ್ರಣಕ್ಕೆ ಕೂತದ್ದು ಇಡೀ ಬದುಕಿನಲ್ಲಿ ಐದೇ ದಿನ. 1936ರ ನವೆಂಬರ್‌ನಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದ ಒಂದು ಹೋಟೆಲಿನಲ್ಲಿ ಮೂರು ದಿನ, 1937ರ ಜೂನ್‌ನಲ್ಲಿ ಡಲ್ಲಾಸ್‌ನಲ್ಲಿ ಎರಡು ದಿನ. ಉಳಿದಿರುವುದು 29 ಹಾಡುಗಳು. 1938ರ ಆಗಸ್ಟ್ 16ರಂದು ಗ್ರೀನ್‌ವುಡ್ ಊರಿನ ಹತ್ತಿರ, ಸುಮಾರು 27ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಹೊರಜಗತ್ತಿನ ಸಂಗೀತಪ್ರಿಯರಿಗೆ ಈ ಸಂಗತಿ ಕೂಡಲೇ ತಿಳಿಯಲಿಲ್ಲ. ಜಾನ್ ಹ್ಯಾಮಂಡ್ ಎಂಬ ನಿರ್ಮಾಪಕರು ಅದೇ ವರ್ಷದ ಡಿಸೆಂಬರ್ 23ರಂದು ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಕಪ್ಪು ಜನರ ಸಂಗೀತವನ್ನು ಪರಿಚಯಿಸುವ ದೊಡ್ಡ ಕಛೇರಿಯೊಂದನ್ನು ಏರ್ಪಡಿಸಿದ್ದರು. ಅದರಲ್ಲಿ ಹಾಡಿಸಬೇಕೆಂದು ಜಾನ್ಸನ್ ಅವರನ್ನು ಹುಡುಕಿಸಿದಾಗಲೇ ಸಾವಿನ ಸುದ್ದಿ ಅವರಿಗೆ ಸಿಕ್ಕಿದ್ದು. ಅವರ ಜಾಗದಲ್ಲಿ ಬಿಗ್ ಬಿಲ್ ಬ್ರೂಂಜಿ ಹಾಡಿದರು. ಜಾನ್ಸನ್ ಅವರ ಎರಡು ಮುದ್ರಿಕೆಗಳನ್ನು ಹ್ಯಾಮಂಡ್ ವೇದಿಕೆಯ ಮೇಲಿಂದಲೇ ಸಭೆಗೆ ಕೇಳಿಸಿದರು. ಗಾಯಕನಿಲ್ಲದ ವೇದಿಕೆಯಲ್ಲಿ ತಿರುಗುತ್ತಿರುವ ಒಂದು ಗ್ರಾಮಫೋನ್ ತಟ್ಟೆಯನ್ನು ಕಲ್ಪಿಸಿಕೊಳ್ಳಿ. ಕಾರ್ನೆಗಿ ಹಾಲ್‌ನಲ್ಲಿ ಜಾನ್ಸನ್ ಹಾಡಿದ್ದು ಹಾಗೆ.

ಇನ್ನು ದಿನಾಂಕದ ಮಾತು. ಗೇಲ್ ಡೀನ್ ವಾರ್ಡ್‌ಲೋ ಎಂಬ ಸಂಶೋಧಕರು ಹಳೆಯ ಬ್ಲೂಸ್ ಮುದ್ರಿಕೆಗಳನ್ನು ಅರಸಿಕೊಂಡು ಮಿಸಿಸಿಪ್ಪಿಯಲ್ಲಿ ಮನೆಮನೆ ತಿರುಗಿದವರು. 1968ರಲ್ಲಿ ಸರ್ಕಾರಿ ದಾಖಲೆಗಳಲ್ಲಿ ಜಾನ್ಸನ್ ಅವರ ಮರಣ ಪ್ರಮಾಣಪತ್ರವನ್ನು ಅವರೇ ಹೊರತೆಗೆದರು. ನಿಖರತೆ ಬಂದದ್ದು ಆ ಒಂದು ಹಾಳೆಯಿಂದ. ಹಾಳೆಯಲ್ಲಿ ಸಾವಿನ ಕಾರಣವನ್ನು ವೈದ್ಯರು ತುಂಬಬೇಕಾದ ಜಾಗವೊಂದಿದೆ. ಅಲ್ಲಿ ಬರೆದಿರುವುದು ‘ನೋ ಡಾಕ್ಟರ್’, ಅಂದರೆ ವೈದ್ಯರಿಲ್ಲ, ಎಂಬ ಎರಡು ಪದ ಮಾತ್ರ. ಬಹಳ ವರ್ಷಗಳ ನಂತರ ಅದೇ ಹಾಳೆಯ ಹಿಂಬದಿಯಲ್ಲಿದ್ದ ಟಿಪ್ಪಣಿಯೂ ಬೆಳಕಿಗೆ ಬಂತು. ನೋಂದಣಿ ಅಧಿಕಾರಿ ಆ ತೋಟದ ಮಾಲೀಕನನ್ನು ವಿಚಾರಿಸಿ ಬರೆದ ಟಿಪ್ಪಣಿ ಅದು. ಕುಣಿತದ ಕೂಟವೊಂದರಲ್ಲಿ ಬ್ಯಾಂಜೊ ನುಡಿಸಲು ಬಂದಿದ್ದ ಒಬ್ಬ ಕಪ್ಪು ಮನುಷ್ಯ ಎಂದು ಅದರಲ್ಲಿ ಅವರ ವರ್ಣನೆಯಿದೆ, ಮಾಲೀಕನ ಅಭಿಪ್ರಾಯದಲ್ಲಿ ಸತ್ತದ್ದು ಸಿಫಿಲಿಸ್ ರೋಗದಿಂದ ಎಂದಿದೆ. ಮುಂದೆ ಲಕ್ಷಾಂತರ ಜನ ಗಿಟಾರ್ ಕಲಿಯಲು ಕಾರಣರಾದ ವ್ಯಕ್ತಿಯನ್ನು ಸರ್ಕಾರಿ ಕಾಗದ ಬ್ಯಾಂಜೊ ವಾದಕನೆಂದು ಬರೆದುಕೊಂಡಿತ್ತು. ದಿನಾಂಕ ಸರಿ, ವಾದ್ಯ ತಪ್ಪು. ದಾಖಲೆಗಳ ಮೇಲೆ ಎಷ್ಟು ಭಾರ ಹಾಕಬಹುದು ಎಂಬುದಕ್ಕೆ ನನಗೆ ತಟ್ಟನೆ ನೆನಪಾಗುವ ಉದಾಹರಣೆ ಇದೇ.

ವಿಷದ ಕಥೆ ಅವರೊಂದಿಗೆ ತಿರುಗಾಡಿದ ಗಾಯಕರ ಬಾಯಿಂದ ಬಂದದ್ದು. ಹೆಂಡದಂಗಡಿಯಲ್ಲಿ ಒಬ್ಬಾಕೆಯೊಂದಿಗಿನ ಸಲಿಗೆ ಕಂಡು ಕೆರಳಿದ ಗಂಡನೊಬ್ಬ ವಿಸ್ಕಿಯಲ್ಲಿ ವಿಷ ಬೆರೆಸಿದ ಎನ್ನುವುದು ಅದರ ತಿರುಳು. ಶವಪರೀಕ್ಷೆಯೇ ನಡೆಯದ ಸಾವಿನ ಬಗ್ಗೆ ಇದಕ್ಕಿಂತ ಖಚಿತವಾಗಿ ಮಾತನಾಡುವುದು ನ್ಯಾಯವಲ್ಲ. ನಾಲ್ಕು ದಾರಿ ಕೂಡುವಲ್ಲಿ ಸೈತಾನನನ್ನು ಕಂಡ ಕಥೆಯನ್ನಂತೂ ಟಾಮಿ ಜಾನ್ಸನ್ ಎಂಬ ಬೇರೊಬ್ಬ ಬ್ಲೂಸ್ ಗಾಯಕರ ವಿಷಯದಲ್ಲಿ ಅವರ ಸಹೋದರರೇ ಹೇಳಿದ್ದರು. ಅಡ್ಡಹೆಸರು ಒಂದೇ ಆದುದರಿಂದಲೋ ಏನೋ, ಕಥೆ ಕಾಲಾಂತರದಲ್ಲಿ ಹೆಚ್ಚು ಹೆಸರಾದವರ ಖಾತೆಗೆ ಜಮಾ ಆಯಿತು. ನಮ್ಮಲ್ಲಿಯೂ ಯಾರೋ ಕಟ್ಟಿದ ವಚನ, ಕೀರ್ತನೆಗಳು ದೊಡ್ಡವರ ಅಂಕಿತಕ್ಕೆ ಸೇರಿಹೋಗುವುದು ಅಪರೂಪವೇನಲ್ಲ. ಜಾನ್ಸನ್ ಅವರ ಗೋರಿಯ ಕಲ್ಲುಗಳೂ ಗ್ರೀನ್‌ವುಡ್ ಸುತ್ತಮುತ್ತ ಮೂರು ಬೇರೆ ಬೇರೆ ಚರ್ಚುಗಳ ಬಯಲಿನಲ್ಲಿವೆ. ದಿನಾಂಕ ಒಂದು, ಗೋರಿ ಮೂರು.

ಪ್ರಶ್ನೆ: ನಾನು ತಬಲಾ ವಿದ್ಯಾರ್ಥಿ. 1962ರ ಆಗಸ್ಟ್ 16ರಂದು ಇಂಗ್ಲೆಂಡಿನ ಬೀಟಲ್ಸ್ ತಂಡ ತನ್ನ ಡ್ರಮ್ ವಾದಕ ಪೀಟ್ ಬೆಸ್ಟ್ ಅವರನ್ನು ಹೊರಹಾಕಿತು ಎಂದು ಓದಿದೆ. ಲಯ ಹಿಡಿಯುವವರಿಗೆ ಎಲ್ಲ ಕಡೆಯೂ ಇದೇ ಗತಿಯೇ? ಅದು ಅನ್ಯಾಯವಲ್ಲವೇ? (ಹುಬ್ಬಳ್ಳಿಯಿಂದ)

ಉತ್ತರ: ನಿರ್ಧಾರ ಅನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಅದನ್ನು ತಿಳಿಸಿದ ರೀತಿ ಮಾತ್ರ ಖಂಡಿತ ಅನ್ಯಾಯ. ಎರಡು ವರ್ಷ ತಂಡದಲ್ಲಿದ್ದು ಹ್ಯಾಂಬರ್ಗ್‌ನ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ಜೊತೆಗೆ ನುಡಿಸಿದ ಗೆಳೆಯನಿಗೆ ಜಾನ್, ಪಾಲ್, ಜಾರ್ಜ್ ಮೂವರಲ್ಲಿ ಒಬ್ಬರೂ ಎದುರು ನಿಂತು ಹೇಳಲಿಲ್ಲ. 15ರಂದು ಪೀಟ್ ಎಂದಿನಂತೆ ಲಿವರ್‌ಪೂಲ್‌ನ ಕ್ಯಾವರ್ನ್ ಕ್ಲಬ್ಬಿನಲ್ಲಿ ನುಡಿಸಿದರು. ಮರುದಿನ ಬೆಳಿಗ್ಗೆ ವ್ಯವಸ್ಥಾಪಕ ಬ್ರಯಾನ್ ಎಪ್‌ಸ್ಟೈನ್ ತಮ್ಮ ಅಂಗಡಿಯ ಕಚೇರಿಗೆ ಕರೆಸಿ, ಹುಡುಗರಿಗೆ ನೀವು ಬೇಡವಂತೆ, ರಿಂಗೋ ಬರುತ್ತಿದ್ದಾರೆ ಎಂಬ ಸುದ್ದಿಯನ್ನು ಮುಟ್ಟಿಸಿದರು. ಪೀಟ್ ಅವರನ್ನು ಕಚೇರಿಗೆ ಕಾರಿನಲ್ಲಿ ಕರೆದೊಯ್ದವರು ಅವರ ಆಪ್ತ ಗೆಳೆಯ ನೀಲ್ ಆಸ್ಪಿನಾಲ್. ಆಗ ಬೀಟಲ್ಸ್‌ನ ವ್ಯಾನ್ ಓಡಿಸುತ್ತಿದ್ದವರೂ ಅವರೇ. ಗೆಳೆಯನಿಗಾದ ಅವಮಾನದಿಂದ ನೊಂದು ತಾವೂ ಕೆಲಸ ಬಿಡಲು ಹೊರಟಾಗ, ಬಿಡಬೇಡ ಎಂದು ತಡೆದವರು ಸ್ವತಃ ಪೀಟ್. ಆಸ್ಪಿನಾಲ್ ಮುಂದೆ ಬೀಟಲ್ಸ್‌ನ ಕಂಪನಿ ಆ್ಯಪಲ್ ಕೋರ್‌ಗೆ ಮುಖ್ಯಸ್ಥರಾದರು. ಪೀಟ್ ಲಿವರ್‌ಪೂಲ್‌ನಲ್ಲಿ ಉದ್ಯೋಗ ವಿನಿಮಯ ಕಚೇರಿಯ ನೌಕರರಾಗಿ, ಕೆಲಸ ಕಳೆದುಕೊಂಡವರಿಗೆ ಕೆಲಸ ಹುಡುಕಿಕೊಡುತ್ತ ಸುಮಾರು ಇಪ್ಪತ್ತು ವರ್ಷ ಕಳೆದರು.

ಇನ್ನು ಸಂಗೀತದ ಮಾತು. ಅದೇ ವರ್ಷದ ಜೂನ್ 6ರಂದು ಇಎಂಐ ಸ್ಟುಡಿಯೋದಲ್ಲಿ ನಡೆದ ಮುದ್ರಣದ ನಂತರ, ಧ್ವನಿಮುದ್ರಿಕೆಗೆ ಬೇರೆ ಡ್ರಮ್ ವಾದಕರನ್ನು ಕೂರಿಸುವುದಾಗಿ ನಿರ್ಮಾಪಕ ಜಾರ್ಜ್ ಮಾರ್ಟಿನ್ ಹೇಳಿದ್ದರು. ಕುಣಿಯುವ ಜನರ ಮುಂದೆ ಲಯ ಕೊಂಚ ಓಡಿದರೂ, ಕೊಂಚ ಜಗ್ಗಿದರೂ ನಡೆಯುತ್ತದೆ. ಮೈಕ್ರೊಫೋನಿನ ಮುಂದೆ ಅದು ಎದ್ದು ಕಾಣುತ್ತದೆ. ತಬಲಾ ಕಲಿಯುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಹರಾ (ತಾಳದ ಆವರ್ತನವನ್ನು ತೋರಿಸುತ್ತ ಮರುಕಳಿಸುವ ಸ್ವರಸಾಲು) ಜೊತೆ ಅಭ್ಯಾಸಕ್ಕೆ ಕೂತಾಗ ಠೇಕಾ (ತಾಳದ ಮೂಲ ಬಡಿತ) ಎಲ್ಲಿ ಸಡಿಲವಾಯಿತೆಂದು ನಿಮ್ಮ ಕಿವಿಗೇ ತಿಳಿಯುತ್ತದಲ್ಲ, ಅದೇ. ರಿಂಗೋ ಸ್ಟಾರ್ ಎಡಗೈಯವರು, ಆದರೆ ಕೂರುತ್ತಿದ್ದದ್ದು ಬಲಗೈಯವರಿಗಾಗಿ ಜೋಡಿಸಿದ ಡ್ರಮ್‌ಗಳ ಮುಂದೆ. ಆದ್ದರಿಂದ ಒಂದು ಡ್ರಮ್‌ನಿಂದ ಇನ್ನೊಂದಕ್ಕೆ ಅವರ ಕೈ ಹೊರಳುವಾಗ ಒಂದು ಸಣ್ಣ ತಡೆ, ಒಂದು ವಿಚಿತ್ರ ಸೊಗಸು ಸೇರಿಕೊಳ್ಳುತ್ತಿತ್ತು. ಬೇರೆಯವರಿಗೆ ಅದನ್ನು ನಕಲು ಮಾಡುವುದು ಕಷ್ಟ.

ಹಾಗೆಂದು ರಿಂಗೋ ಅವರಿಗೂ ದಾರಿ ಸುಗಮವಾಗಿರಲಿಲ್ಲ. ಬೀಟಲ್ಸ್‌ನ ಮೊದಲ ಮುದ್ರಿಕೆಯಾದ ‘ಲವ್ ಮಿ ಡೂ’ ಹಾಡನ್ನು ಸೆಪ್ಟೆಂಬರ್ 4ರಂದು ರಿಂಗೋ ನುಡಿಸಿದರು. ಮಾರ್ಟಿನ್ ಅವರಿಗೆ ಅದೂ ಒಪ್ಪಿಗೆಯಾಗದೆ, 11ರಂದು ಆ್ಯಂಡಿ ವೈಟ್ ಎಂಬ ವೃತ್ತಿಪರ ವಾದಕರನ್ನು ಕೂರಿಸಿ, ರಿಂಗೋ ಕೈಗೆ ತಂಬೂರಿನ್ ಎಂಬ ಗಿಲಕಿಯಂಥ ಕೈವಾದ್ಯ ಕೊಟ್ಟರು. ಎರಡು ಮುದ್ರಣಗಳೂ ಮಾರುಕಟ್ಟೆಗೆ ಬಂದಿವೆ. ಈಗ ನೀವು ಆ ಹಾಡನ್ನು ಕೇಳುವಾಗ ಹಿನ್ನೆಲೆಯಲ್ಲಿ ತಂಬೂರಿನ್‌ನ ಝಣತ್ಕಾರ ಕೇಳಿಬಂದರೆ ಡ್ರಮ್ ಮೇಲಿರುವುದು ಆ್ಯಂಡಿ ವೈಟ್ ಅವರ ಕೈ, ಕೇಳದಿದ್ದರೆ ರಿಂಗೋ ಅವರದು. ಪೀಟ್ ನುಡಿಸಿದ ಹಳೆಯ ಮುದ್ರಣಗಳಲ್ಲಿ ಕೆಲವು 1995ರ ‘ಆಂಥಾಲಜಿ’ ಸಂಪುಟದಲ್ಲಿ ಹೊರಬಂದವು. ಅದರ ಗೌರವಧನ ಮೂರು ದಶಕ ತಡವಾಗಿಯಾದರೂ ಅವರ ಕೈ ಸೇರಿತು.

ಪ್ರಶ್ನೆ: ವುಡ್‌ಸ್ಟಾಕ್ ಎಂಬ ಅಮೆರಿಕದ ಸಂಗೀತೋತ್ಸವದಲ್ಲಿ ಪಂಡಿತ್ ರವಿಶಂಕರ್ ಸಿತಾರ್ ನುಡಿಸಿದ್ದು ಆಗಸ್ಟ್ 16ರಂದು ಎಂದು ರಸಪ್ರಶ್ನೆಯೊಂದರಲ್ಲಿ ಉತ್ತರ ಕೊಟ್ಟರು. ಸರಿಯೇ? (ಮಂಗಳೂರಿನಿಂದ)

ಉತ್ತರ: ಸರಿಯಲ್ಲ. 1969ರ ಉತ್ಸವದ ಮೊದಲ ದಿನವಾದ ಆಗಸ್ಟ್ 15ರ ರಾತ್ರಿ, ಮಳೆಯ ನಡುವೆ, ಅಲ್ಲಾ ರಖಾ ಅವರ ತಬಲಾ ಸಾಥಿಯೊಂದಿಗೆ ಅವರು ನುಡಿಸಿದರು. ಕೆಸರಿನಲ್ಲಿ ಹೊರಳುತ್ತಿದ್ದ ಆ ಜನಸಾಗರವನ್ನು ಕಂಡು ತಮಗೆ ನಮ್ಮ ದೇಶದ ಎಮ್ಮೆಗಳು ನೆನಪಾದವೆಂದು ಅವರು ಆಮೇಲೆ ಹೇಳಿಕೊಂಡಿದ್ದರು. ಆ ಅನುಭವ ಅವರಿಗೆ ಹಿಡಿಸಲಿಲ್ಲ.

ಆದರೆ ರಸಪ್ರಶ್ನೆ ಸಿದ್ಧಪಡಿಸಿದವರ ಗೊಂದಲ ನನಗೆ ಅರ್ಥವಾಗುತ್ತದೆ. ವುಡ್‌ಸ್ಟಾಕ್‌ನ ದಿನಾಂಕಗಳನ್ನು ಪೋಸ್ಟರ್ ನೋಡಿ ಹೇಳುವಂತಿಲ್ಲ. ಊರಿನ ಹೆಸರೂ ಹಾಗೆಯೇ. ಉತ್ಸವ ನಡೆದದ್ದು ವುಡ್‌ಸ್ಟಾಕ್‌ನಲ್ಲಲ್ಲ, ಅಲ್ಲಿಂದ ಬಹುದೂರದ ಬೆಥೆಲ್ ಎಂಬಲ್ಲಿ, ಮ್ಯಾಕ್ಸ್ ಯಾಸ್ಗರ್ ಎಂಬವರ ಹೈನುಗಾರಿಕೆಯ ಹೊಲದಲ್ಲಿ. ಮಳೆ, ವಾಹನಗಳ ಸಾಲು, ವಿದ್ಯುತ್ತಿನ ತೊಂದರೆ ಎಲ್ಲವೂ ಕೂಡಿ ಶನಿವಾರ 16ರ ಪಟ್ಟಿಯಲ್ಲಿದ್ದ ‘ದಿ ಹೂ’ ತಂಡ ವೇದಿಕೆ ಹತ್ತುವಾಗ ಭಾನುವಾರದ ನಸುಕಿನ ಐದು ಗಂಟೆ. ಶನಿವಾರದ ಕೊನೆಯ ತಂಡವಾದ ಜೆಫರ್ಸನ್ ಏರ್‌ಪ್ಲೇನ್ ಹಾಡು ಆರಂಭಿಸುವಾಗ ಬೆಳಗಿನ ತಿಂಡಿಯ ಹೊತ್ತು. ಖಂಡಿತವಾಗಿ 16ಕ್ಕೇ ಸಲ್ಲಬೇಕಾದವರೆಂದರೆ ಆ ಮಧ್ಯಾಹ್ನ ನುಡಿಸಿದ ಸಂತಾನಾ ತಂಡದವರು. ಅವರ ಮೊದಲ ಮುದ್ರಿಕೆ ಇನ್ನೂ ಅಂಗಡಿಗೆ ಬಂದಿರಲಿಲ್ಲ, ಹೆಸರನ್ನೇ ಕೇಳದ ಲಕ್ಷಾಂತರ ಜನರ ಮುಂದೆ ನಿಂತಿದ್ದರು. ಡ್ರಮ್ ಮುಂದೆ ಕೂತಿದ್ದ ಮೈಕಲ್ ಶ್ರೀವ್ ಅವರಿಗೆ ಆಗ ಇಪ್ಪತ್ತೇ ವರ್ಷ. ಹುಬ್ಬಳ್ಳಿಯ ತಬಲಾ ವಿದ್ಯಾರ್ಥಿ ಆ ತನಿ ಆವರ್ತನವನ್ನು, ಹಾಗೆಂದು ಕರೆಯಬಹುದಾದರೆ, ಒಮ್ಮೆ ಕೇಳಲಿ. ಲಯ ಹಿಡಿಯುವವರ ಗತಿಯ ಬಗ್ಗೆ ಅವರ ಬೇಸರ ಸ್ವಲ್ಪ ಕಡಿಮೆಯಾದೀತು.

ಪ್ರಶ್ನೆ: ಬಂದೇನವಾಜರ ಉರುಸಿನಲ್ಲಿ ರಾತ್ರಿಯಿಡೀ ಕವ್ವಾಲಿ ಕೇಳಿ ಬೆಳೆದವನು ನಾನು. ನುಸ್ರತ್ ಅವರ ಹೆಸರನ್ನು ಎಲ್ವಿಸ್ ಜೊತೆ ಇಟ್ಟದ್ದು ನನಗೆ ಸರಿಬರಲಿಲ್ಲ. ದಿನಾಂಕ ಒಂದೇ ಎಂಬುದನ್ನು ಬಿಟ್ಟರೆ ಇಬ್ಬರ ನಡುವೆ ಏನು ಸಂಬಂಧ? (ಕಲಬುರಗಿಯಿಂದ)

ಉತ್ತರ: ನಿಮ್ಮ ಆಕ್ಷೇಪವನ್ನು ಅರ್ಧ ಒಪ್ಪುತ್ತೇನೆ. ನಿಮ್ಮೂರಿನ ಬಂದೇನವಾಜರು ದೆಹಲಿಯಿಂದ ದಖ್ಖನಿಗೆ ತಂದ ಚಿಶ್ತಿ ಎಂಬ ಸೂಫಿ ಪರಂಪರೆಯೇ ಕವ್ವಾಲಿಯ ತವರು. ಅದನ್ನು ದರ್ಗಾದ ಅಂಗಳದಲ್ಲಿ ಕೇಳಿದವರಿಗೆ ಅದು ಮನರಂಜನೆಯಾಗಿ ಕಾಣುವುದಿಲ್ಲ. ನುಸ್ರತ್ ಅವರ ಮನೆತನ ಜಲಂಧರ್‌ನಿಂದ ದೇಶ ವಿಭಜನೆಯ ಹೊತ್ತಿಗೆ ಲಯಾಲ್‌ಪುರಕ್ಕೆ, ಅಂದರೆ ಇಂದಿನ ಫೈಸಲಾಬಾದ್‌ಗೆ, ಹೋಗಿ ನೆಲೆಸಿತು. ಅವರು ಹುಟ್ಟಿದ್ದು 1948ರಲ್ಲಿ. ತಂದೆ ಫತೇ ಅಲಿ ಖಾನ್ ಹೆಸರಾಂತ ಕವ್ವಾಲರು. 1964ರಲ್ಲಿ ಅವರು ತೀರಿಕೊಂಡ ನಲವತ್ತನೆಯ ದಿನ, ಗೋರಿಯ ಬಳಿ ನಡೆದ ವಿಧಿಯಲ್ಲಿ ಹದಿಹರೆಯದ ಮಗ ಮೊದಲ ಬಾರಿಗೆ ಜನರ ಮುಂದೆ ಹಾಡಿದ. ಎಲ್ವಿಸ್ ಅವರ ಆರಂಭ ಬೇರೆಯದೇ ಬಗೆಯದು. 1954ರ ಜುಲೈನಲ್ಲಿ ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ, ಆರ್ಥರ್ ಕ್ರುಡಪ್ ಎಂಬ ಕಪ್ಪು ಗಾಯಕರ ಹಳೆಯ ಹಾಡೊಂದನ್ನು ಬಿಡುವಿನ ವೇಳೆಯಲ್ಲಿ ತಮಾಷೆಯಾಗಿ ಎತ್ತಿಕೊಂಡಾಗ ಅವರ ದಾರಿ ತೆರೆಯಿತು.

ಉಳಿದ ಅರ್ಧವನ್ನು ಮಾತ್ರ ಒಪ್ಪಲಾರೆ, ಏಕೆಂದರೆ ಈ ಎರಡು ಹೆಸರುಗಳನ್ನು ಮೊದಲು ಜೋಡಿಸಿದವನು ನಾನಲ್ಲ. 1985ರಲ್ಲಿ ಇಂಗ್ಲಿಷ್ ಗಾಯಕ ಪೀಟರ್ ಗೇಬ್ರಿಯಲ್ ಅವರ ವೊಮಾಡ್ ಎಂಬ ವಿಶ್ವಸಂಗೀತ ಉತ್ಸವಕ್ಕಾಗಿ ಇಂಗ್ಲೆಂಡಿನ ಮರ್ಸಿ ದ್ವೀಪದಲ್ಲಿ ನುಸ್ರತ್ ಹಾಡಿದ ಮೇಲೆ ಪಶ್ಚಿಮದ ಗಾಯಕರ ಒಂದು ಪೀಳಿಗೆಯೇ ಅವರ ಕಡೆ ತಿರುಗಿತು. ಅವರಲ್ಲಿ ಅಮೆರಿಕದ ಜೆಫ್ ಬಕ್ಲಿ ಒಬ್ಬರು. ನ್ಯೂಯಾರ್ಕ್‌ನ ಒಂದು ಪುಟ್ಟ ಕಾಫಿ ಅಂಗಡಿಯಲ್ಲಿ ಗಿಟಾರ್ ಹಿಡಿದು ಹಾಡುತ್ತಿದ್ದ ದಿನಗಳಲ್ಲೇ ಅವರು ನುಸ್ರತ್ ತಮ್ಮ ಪಾಲಿನ ಎಲ್ವಿಸ್ ಎಂದು ಕೇಳುಗರಿಗೆ ಹೇಳಿ, ಉರ್ದುವಿನ ಕವ್ವಾಲಿಯೊಂದನ್ನು ತಮಗೆ ಬಂದ ಉಚ್ಚಾರದಲ್ಲಿ ಹಾಡಿಯೂ ಬಿಟ್ಟರು. ಅದು ಮುದ್ರಣಗೊಂಡು ಉಳಿದಿದೆ. ಉಚ್ಚಾರ ಅಲ್ಲಲ್ಲಿ ಎಡವುತ್ತದೆ, ಆದರೆ ಸರಗಮ್ಮಿನ ಸುರಿಮಳೆಯನ್ನು ಅನುಕರಿಸಲು ಹೊರಟಾಗ ಕೇಳುಗರು ನಗುವುದನ್ನು ನಿಲ್ಲಿಸುತ್ತಾರೆ. ಮುಂದೆ ಬಕ್ಲಿ ನುಸ್ರತ್ ಅವರನ್ನು ಪತ್ರಿಕೆಯೊಂದಕ್ಕಾಗಿ ಸಂದರ್ಶಿಸಿದರು.

ನುಸ್ರತ್ ಅವರ ಸರಗಮ್ಮಿನ ವಿಶೇಷ ನಿಮಗೆ ಗೊತ್ತಿರುವುದೇ. ಉಳಿದ ಓದುಗರಿಗಾಗಿ ಎರಡು ಮಾತು ಬರೆಯುತ್ತೇನೆ. ಮುಖ್ಯ ಗಾಯಕ ಒಂದು ಸಾಲನ್ನು ಹಿಡಿದು ಕೂರುತ್ತಾನೆ, ಹಿಂದಿನವರು ಚಪ್ಪಾಳೆಯ ಲಯದಲ್ಲಿ ಅದನ್ನೇ ಮರುನುಡಿಯುತ್ತಾರೆ. ಸಾಲು ಸಭೆಗೆ ಬಾಯಿಪಾಠವಾದ ಮೇಲೆ ಗಾಯಕ ಅದನ್ನು ಬಿಟ್ಟು ಬೇರೆ ಕವಿಯ ದ್ವಿಪದಿಯೊಂದನ್ನು ನಡುವೆ ಪೋಣಿಸಿ, ಮತ್ತೆ ಮೊದಲ ಸಾಲಿಗೇ ಬಂದು ಗಂಟು ಹಾಕುತ್ತಾನೆ. ಇದಕ್ಕೆ ಗಿರಹ್, ಎಂದರೆ ಗಂಟು, ಎಂದೇ ಹೆಸರು. ಪದಗಳು ಸಾಲದಾದಾಗ ಸ-ರಿ-ಗ-ಮ. ಭಾಷೆ ಬಾರದ ಇಂಗ್ಲಿಷರನ್ನೂ ಜಪಾನೀಯರನ್ನೂ ನುಸ್ರತ್ ಎತ್ತಿ ನಿಲ್ಲಿಸಿದ್ದು ಮುಖ್ಯವಾಗಿ ಈ ಘಟ್ಟದಲ್ಲಿ.

1997ರ ಆಗಸ್ಟ್ ಭಾರತ, ಪಾಕಿಸ್ತಾನಗಳೆರಡೂ ಸ್ವಾತಂತ್ರ್ಯದ ಐವತ್ತನೆಯ ವರ್ಷವನ್ನು ಆಚರಿಸಿದ ತಿಂಗಳು. ಎ.ಆರ್. ರೆಹಮಾನ್ ಅವರ ‘ವಂದೇ ಮಾತರಂ’ ಸಂಪುಟ ಆಗಲೇ ಬಂದದ್ದು. ಅದರಲ್ಲಿ ಶಾಂತಿಯ ಕುರಿತ ಒಂದು ಹಾಡನ್ನು ರೆಹಮಾನ್ ಮತ್ತು ನುಸ್ರತ್ ಜೊತೆಗೂಡಿ ಹಾಡಿದ್ದರು. ಆ ಹಾಡು ಮನೆಮನೆಯಲ್ಲಿ ಕೇಳಿಬರುತ್ತಿದ್ದ ದಿನಗಳಲ್ಲೇ, ಆಗಸ್ಟ್ 16ರಂದು, ಮೂತ್ರಪಿಂಡದ ತೊಂದರೆಯಿಂದ ಬಳಲುತ್ತಿದ್ದ ನುಸ್ರತ್ ಲಂಡನ್ನಿನ ಆಸ್ಪತ್ರೆಯಲ್ಲಿ ಹೃದಯಸ್ತಂಭನದಿಂದ ತೀರಿಕೊಂಡರು. ವಯಸ್ಸು 48. ಎಲ್ವಿಸ್ ಹೋಗಿ ಅಂದಿಗೆ ಸರಿಯಾಗಿ ಇಪ್ಪತ್ತು ವರ್ಷ. ತನ್ನ ಎಲ್ವಿಸ್ ತೀರಿಕೊಂಡ ಸುದ್ದಿ ಕೇಳಲು ಜೆಫ್ ಬಕ್ಲಿ ಬದುಕಿರಲಿಲ್ಲ. ಅದೇ ವರ್ಷದ ಮೇ 29ರಂದು, ಮೂವತ್ತನೆಯ ವಯಸ್ಸಿನಲ್ಲಿ, ನೀರಿಗಿಳಿದು ಮುಳುಗಿ ಸತ್ತಿದ್ದರು. ಅದು ನಡೆದ ಊರು ಮೆಂಫಿಸ್.

ಪ್ರಶ್ನೆ: ಅಮೆರಿಕದ ಗಾಯಕಿ ಅರೀಥಾ ಫ್ರಾಂಕ್ಲಿನ್ 2018ರ ಆಗಸ್ಟ್ 16ರಂದು ತೀರಿಕೊಂಡರೆಂದು ಈಚೆಗೆ ತಿಳಿಯಿತು. ದಿನವೂ ಪತ್ರಿಕೆ ಓದುವ ನನಗೆ ಆಗ ಅದು ಗಮನಕ್ಕೇ ಬರಲಿಲ್ಲವೇಕೆ? (ಬೆಂಗಳೂರಿನಿಂದ)

ಉತ್ತರ: ಅಂದು ಸಂಜೆ 5 ಗಂಟೆ 5 ನಿಮಿಷಕ್ಕೆ ದೆಹಲಿಯಲ್ಲಿ ಮಾಜಿ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ತೀರಿಕೊಂಡರು. ಡೆಟ್ರಾಯಿಟ್‌ನಲ್ಲಿ ಅರೀಥಾ ಕಣ್ಮುಚ್ಚಿದ್ದು ಅಲ್ಲಿನ ಬೆಳಗಿನ 9.50ಕ್ಕೆ, ನಮ್ಮ ಗಡಿಯಾರದಲ್ಲಿ ಸಂಜೆ 7.20ಕ್ಕೆ. ಎರಡೇಕಾಲು ಗಂಟೆಯ ಅಂತರ. ಮರುದಿನದ ಪತ್ರಿಕೆಯಲ್ಲಿ ನೀವು ಏನನ್ನು ಓದಿದಿರಿ, ಏನನ್ನು ಓದಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಅರೀಥಾ ಅವರಿಗೆ 76 ವರ್ಷವಾಗಿತ್ತು. ಡೆಟ್ರಾಯಿಟ್‌ನ ಚರ್ಚಿನಲ್ಲಿ ಪಾದ್ರಿಯಾಗಿದ್ದ ತಂದೆಯ ಮುಂದೆ ಹಾಡಿ ಬೆಳೆದ ಹುಡುಗಿ ಎಂದು ಅವರನ್ನು ಆ ನಗರ ತನ್ನವರನ್ನಾಗಿ ಮಾಡಿಕೊಂಡಿದೆ. ಹುಟ್ಟಿದ್ದು ಮಾತ್ರ ಮತ್ತದೇ ಮೆಂಫಿಸ್‌ನಲ್ಲಿ, 1942ರಲ್ಲಿ. ಧಾರವಾಡದವರಿಗೆ ಕೊಟ್ಟ ಉತ್ತರದಲ್ಲಿ ಬಂದ ಜಾನ್ ಹ್ಯಾಮಂಡ್ ಇಲ್ಲಿ ಮತ್ತೊಮ್ಮೆ ಕಾಣಿಸಿಕೊಳ್ಳುತ್ತಾರೆ. 1938ರಲ್ಲಿ ರಾಬರ್ಟ್ ಜಾನ್ಸನ್ ಅವರನ್ನು ಕೆಲವೇ ತಿಂಗಳುಗಳ ಅಂತರದಲ್ಲಿ ಕಳೆದುಕೊಂಡ ಅದೇ ಹ್ಯಾಮಂಡ್, 1960ರಲ್ಲಿ ಹದಿನೆಂಟರ ಅರೀಥಾ ಅವರ ದನಿಯನ್ನು ಗುರುತಿಸಿ ಕೊಲಂಬಿಯಾ ಕಂಪನಿಗೆ ಸೇರಿಸಿಕೊಂಡರು. ದನಿಯನ್ನು ಗುರುತಿಸಿದ ಕಂಪನಿಗೆ ಅದನ್ನು ಬಳಸಿಕೊಳ್ಳುವುದು ತಿಳಿಯಲಿಲ್ಲ. ನಾಜೂಕಿನ ಹಾಡುಗಳಲ್ಲಿ ಆರು ವರ್ಷ ಕಳೆದವು. ಅಟ್ಲಾಂಟಿಕ್ ಕಂಪನಿಗೆ ಬಂದು, 1967ರ ಜನವರಿಯಲ್ಲಿ ಅಲಬಾಮಾದ ಮಸಲ್ ಶೋಲ್ಸ್‌ನ ಸ್ಟುಡಿಯೋದಲ್ಲಿ ತಾವೇ ಪಿಯಾನೊ ನುಡಿಸುತ್ತ ಹಾಡಿದಾಗ ಚರ್ಚಿನ ಆ ಕಂಠ ಮತ್ತೆ ಬಿಚ್ಚಿಕೊಂಡಿತು. ಮರುತಿಂಗಳು ನ್ಯೂಯಾರ್ಕ್‌ನಲ್ಲಿ ಮುದ್ರಿಸಿದ ‘ರೆಸ್ಪೆಕ್ಟ್’ ಮೂಲತಃ ಓಟಿಸ್ ರೆಡ್ಡಿಂಗ್ ಅವರ ಹಾಡು. ದುಡಿದು ಮನೆಗೆ ಬಂದ ಗಂಡಸು ಹೆಂಡತಿಯಿಂದ ಮರ್ಯಾದೆ ಕೇಳುವ ಹಾಡು. ಅದನ್ನು ಹೆಣ್ಣಿನ ಬಾಯಿಗೆ ತಂದದ್ದಲ್ಲದೆ, ಆ ಪದದ ಒಂದೊಂದೇ ಅಕ್ಷರವನ್ನು ಬಿಡಿಸಿ ಶಾಲೆಯ ಮಗುವಿಗೆ ಕಲಿಸುವಂತೆ ಹಾಡುವ ಭಾಗವನ್ನೂ ಅರೀಥಾ ಸೇರಿಸಿದರು. ಮೂಲದಲ್ಲಿ ಅದು ಇಲ್ಲ.

ಅಂದಹಾಗೆ ಆ ದಿನ ಗಾಯಕಿ ಮಡೋನಾ ಅವರ ಅರವತ್ತನೆಯ ಹುಟ್ಟುಹಬ್ಬ. ಅವರೂ ಡೆಟ್ರಾಯಿಟ್ ಇರುವ ಮಿಷಿಗನ್ ರಾಜ್ಯದವರೇ. ನಾಲ್ಕು ದಿನಗಳ ನಂತರ ಎಂಟಿವಿಯ ಪ್ರಶಸ್ತಿ ಸಮಾರಂಭದಲ್ಲಿ ಅರೀಥಾ ಅವರ ಬಗ್ಗೆ ಮಾತನಾಡಲು ನಿಂತು, ಹೆಚ್ಚಿನ ಹೊತ್ತು ತಮ್ಮ ಆರಂಭದ ಕಷ್ಟಗಳನ್ನೇ ಹೇಳಿಕೊಂಡರೆಂದು ಸಾಕಷ್ಟು ಟೀಕೆಗೆ ಗುರಿಯಾದರು.

ಪ್ರಶ್ನೆ: ಇಷ್ಟೆಲ್ಲ ಒಂದೇ ದಿನ ನಡೆಯುವುದೆಂದರೆ ಆ ದಿನದಲ್ಲಿ ಏನೋ ದೋಷವಿದೆ ಎನಿಸುವುದಿಲ್ಲವೇ? (ದಾವಣಗೆರೆಯಿಂದ)

ಉತ್ತರ: ಇಲ್ಲ. ನಾವು ನೆನಪಿಟ್ಟುಕೊಂಡಿರುವ ಗಾಯಕರು, ವಾದಕರು ಸಾವಿರಾರು ಮಂದಿ, ವರ್ಷಕ್ಕಿರುವುದು 365 ದಿನ. ಹಂಚಿದರೆ ಕೆಲವು ದಿನಗಳ ಪಾಲಿಗೆ ಹೆಚ್ಚು ಬಂದೇ ಬರುತ್ತದೆ. ಬರೀ 23 ಜನ ಸೇರಿದ ಕೋಣೆಯಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನವಾಗಿರುವ ಸಂಭವ ಅರ್ಧಕ್ಕಿಂತ ಹೆಚ್ಚು ಎಂಬ ಹಳೆಯ ಲೆಕ್ಕವನ್ನು ಕಾಲೇಜಿನಲ್ಲಿ ಸಂಭವನೀಯತೆ ಓದಿದವರು ಬಲ್ಲರು. 1959ರ ಫೆಬ್ರುವರಿ 3ರಂದು ರಾಕ್ ಗಾಯಕರಾದ ಬಡ್ಡಿ ಹಾಲಿ, ರಿಚಿ ವ್ಯಾಲೆನ್ಸ್, ಬಿಗ್ ಬಾಪರ್ ಮೂವರೂ ಸತ್ತದ್ದಕ್ಕೆ ಕಾರಣವಿತ್ತು, ಅವರು ಒಂದೇ ವಿಮಾನದಲ್ಲಿದ್ದರು. ಆಗಸ್ಟ್ 16ಕ್ಕೆ ಅಂಥ ವಿಮಾನವಿಲ್ಲ. ಇನ್ನೊಂದು ಮಾತು, ಜ್ಯಾಝ್ ಪಿಯಾನೊ ವಾದಕ ಬಿಲ್ ಎವಾನ್ಸ್ 1929ರಲ್ಲಿ ಹುಟ್ಟಿದ್ದೂ ಇದೇ ದಿನ. ದೋಷ ಹುಡುಕುವವರು ಹುಟ್ಟಿದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೂ ಒಂದು ನಿಜವಾದ ನಂಟು ಇಲ್ಲಿದೆ, ಅದು ಪಂಚಾಂಗದಲ್ಲಿಲ್ಲ, ನಕಾಶೆಯಲ್ಲಿದೆ. ಜಾನ್ಸನ್ ಸತ್ತ ಗ್ರೀನ್‌ವುಡ್‌ನಿಂದ ಎಲ್ವಿಸ್ ಸತ್ತ, ಅರೀಥಾ ಹುಟ್ಟಿದ ಮೆಂಫಿಸ್‌ಗೆ ಸುಮಾರು 200 ಕಿಲೋಮೀಟರ್. ಇಪ್ಪತ್ತನೆಯ ಶತಮಾನದ ಅಮೆರಿಕನ್ ಜನಪ್ರಿಯ ಸಂಗೀತದ ಬಹುದೊಡ್ಡ ಪಾಲು ಈ ಸೀಮೆಯ ಹೊಲ, ಚರ್ಚು, ಹೆಂಡದಂಗಡಿಗಳಿಂದಲೇ ಎದ್ದು ಬಂದದ್ದು.

ಪ್ರಶ್ನೆ: ನಮ್ಮ ಕನ್ನಡ ಸಂಗೀತದಲ್ಲಿ ಇಂಥ ಒಂದು ದಿನಾಂಕವಿದೆಯೇ? (ಹಾಸನದಿಂದ)

ಉತ್ತರ: ಇದೆ, ಅದೂ ನಿಮ್ಮ ಜಿಲ್ಲೆಯವರದೇ. ಚನ್ನರಾಯಪಟ್ಟಣದಲ್ಲಿ 1939ರ ಡಿಸೆಂಬರ್ 29ರಂದು ಹುಟ್ಟಿದ ಸಿ. ಅಶ್ವಥ್ ತೀರಿಕೊಂಡದ್ದು 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ. ಅವರು ಯಾರ ಕವಿತೆಗಳಿಗೆ ರಾಗ ಹಾಕಿ ಬಯಲಿನಲ್ಲಿ ಸಾವಿರಾರು ಜನರಿಂದ ಹಾಡಿಸಿದರೋ, ಆ ಕುವೆಂಪು ಹುಟ್ಟಿದ್ದೂ ಡಿಸೆಂಬರ್ 29ರಂದು, 1904ರಲ್ಲಿ. ಬೆಂಗಳೂರಿನ ಓದುಗರಿಗೆ ಹೇಳಿದ ಮಾತು ಇಲ್ಲಿಗೂ ಅನ್ವಯಿಸುತ್ತದೆ. ಮರುದಿನ, ಡಿಸೆಂಬರ್ 30ರ ನಸುಕಿನಲ್ಲಿ, ಮೈಸೂರಿನಲ್ಲಿ ನಟ ವಿಷ್ಣುವರ್ಧನ್ ತೀರಿಕೊಂಡರು. ಅಶ್ವಥ್ ಹೋದ ದಿನ ಯಾವುದೆಂದು ಕೇಳಿದರೆ ಇಂದಿಗೂ ಹಲವರು ‘ವಿಷ್ಣು ಹೋದ ಹಿಂದಿನ ದಿನ’ ಎಂದೇ ಉತ್ತರಿಸುತ್ತಾರೆ.